ಕುರೇನ್ಯದ ಸೀಮೋನ: ಸುವಾರ್ತೆಗಳ ಪಾಠ ಮತ್ತು ‘ಬಿಟ್ಟಿ’ ಎಂಬ ಪದ

1. ಪ್ರಸ್ತಾವನೆ

ಕ್ರೈಸ್ತ ಸುವಾರ್ತೆಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಬಂದು ಮರೆಯಾಗುವ ವ್ಯಕ್ತಿಗಳು ಹಲವರಿದ್ದಾರೆ. ಅವರಲ್ಲಿ ಕುರೇನ್ಯದ ಸೀಮೋನನೂ ಒಬ್ಬ. ಯೇಸುವನ್ನು ವಧಾಸ್ಥಾನಕ್ಕೆ ಕರೆದೊಯ್ಯುವಾಗ ದಾರಿಯಲ್ಲಿ ಎದುರಾದ ಈತನ ಮೇಲೆ ಶಿಲುಬೆಯನ್ನು ಹೊರಿಸಲಾಯಿತು ಎಂಬುದಷ್ಟೇ ಅವನ ವೃತ್ತಾಂತ. ಅವನಾಡಿದ ಒಂದು ಮಾತೂ ದಾಖಲಾಗಿಲ್ಲ. ಹೊರುವಾಗ ಅವನ ಮನಸ್ಸಿನಲ್ಲಿ ಏನಿತ್ತು, ಹೊತ್ತು ಇಳಿಸಿದ ಮೇಲೆ ಅವನು ಎಲ್ಲಿಗೆ ಹೋದ ಎಂಬುದನ್ನು ಯಾವ ಸುವಾರ್ತೆಯೂ ತಿಳಿಸುವುದಿಲ್ಲ. ಆದರೂ ಕ್ರೈಸ್ತ ಭಕ್ತಿಪರಂಪರೆಯಲ್ಲಿ ಈತ ಕರುಣೆಯಿಂದ ನೆರವಾದವನು, ಪರರ ಭಾರವನ್ನು ಹಂಚಿಕೊಂಡವನು ಎಂದೇ ಪ್ರಸಿದ್ಧನಾಗಿದ್ದಾನೆ.

ಪಾಠ ಹೇಳುವ ಸೀಮೋನನಿಗೂ ಪರಂಪರೆ ಕಟ್ಟಿಕೊಂಡ ಸೀಮೋನನಿಗೂ ನಡುವೆ ಒಂದು ಅಂತರವಿದೆ. ಆ ಅಂತರವನ್ನು ಗುರುತಿಸಲು ಕನ್ನಡದ ಓದುಗನಿಗೆ ಒಂದು ವಿಶೇಷ ಅನುಕೂಲವುಂಟು. ಸೀಮೋನನ ಮೇಲೆ ನಡೆದ ಕ್ರಿಯೆಗೆ ಗ್ರೀಕ್ ಮೂಲದಲ್ಲಿ ಬಳಕೆಯಾಗಿರುವ ಪದಕ್ಕೆ ಕನ್ನಡದಲ್ಲಿ ಬಹುಪಾಲು ಸಮಾನವಾದ, ಶಾಸನಕಾಲದಿಂದಲೂ ಬಳಕೆಯಲ್ಲಿರುವ ಪದವೊಂದಿದೆ. ಅದು ‘ಬಿಟ್ಟಿ’. ಈ ಪದದ ಚರಿತ್ರೆಯನ್ನು ಸೀಮೋನನ ಕತೆಯ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಬಗೆಯ ಅರ್ಥಪಲ್ಲಟಕ್ಕೆ ಒಳಗಾಗಿರುವುದು ಕಂಡುಬರುತ್ತದೆ. ಪ್ರಸ್ತುತ ಲೇಖನವು ಮೊದಲು ಸುವಾರ್ತೆಗಳ ಪಾಠವನ್ನೂ ಅನಂತರ ಆ ಪದದ ಹಿಂದಿನ ವ್ಯವಸ್ಥೆಯನ್ನೂ ಪರಿಶೀಲಿಸಿ, ಕೊನೆಯಲ್ಲಿ ಕೋಣಂದೂರು ಸೀಮೆಯ, ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳು ಕೂಡಿದ ಮಲೆನಾಡಿನ, ಅನುಭವದ ಬೆಳಕಿನಲ್ಲಿ ಈ ಪಾತ್ರವನ್ನು ಅರ್ಥೈಸುತ್ತದೆ.

2. ನಾಲ್ಕು ಸುವಾರ್ತೆಗಳ ಪಾಠ

ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಅತ್ಯಂತ ಹಳೆಯದೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅದು ಸುಮಾರು ಕ್ರಿ.ಶ. 70ರ ಆಸುಪಾಸಿನಲ್ಲಿ ರಚಿತವಾಯಿತೆಂದು ಭಾವಿಸಲಾಗಿದೆ. ಸೀಮೋನನ ಬಗೆಗೆ ಹೆಚ್ಚಿನ ವಿವರಗಳಿರುವುದೂ ಅಲ್ಲಿಯೇ (ಮಾರ್ಕ 15:21). ಆತ ದಾರಿಹೋಕ, ಕುರೇನ್ಯದವನು, ಹೊಲದ ಕಡೆಯಿಂದ, ಅಥವಾ ಹಳ್ಳಿಯ ಕಡೆಯಿಂದ, ಬರುತ್ತಿದ್ದವನು, ಅಲೆಕ್ಸಾಂದರ ಮತ್ತು ರೂಫರ ತಂದೆ, ಶಿಲುಬೆಯನ್ನು ಹೊರುವಂತೆ ಬಲಾತ್ಕಾರಕ್ಕೆ ಒಳಗಾದವನು. ಒಂದೇ ವಾಕ್ಯದಲ್ಲಿ ಈ ಐದೂ ಸಂಗತಿಗಳು ಅಡಕವಾಗಿವೆ. ಹಿಂದಿನ ವಾಕ್ಯಗಳ ಕರ್ತೃಪದ ಸೈನಿಕರಾದುದರಿಂದ ಇಲ್ಲಿಯೂ ಬಲಾತ್ಕರಿಸಿದವರು ಅವರೇ ಎಂಬುದು ಸ್ಪಷ್ಟ.

ಮತ್ತಾಯನು (27:32) ಇದನ್ನು ಸಂಕ್ಷೇಪಿಸುತ್ತಾನೆ. ಹೆಸರು, ಊರು, ಬಲಾತ್ಕಾರ ಈ ಮೂರನ್ನು ಉಳಿಸಿಕೊಂಡು, ಹೊಲದಿಂದ ಬರುತ್ತಿದ್ದ ವಿವರವನ್ನೂ ಮಕ್ಕಳ ಹೆಸರುಗಳನ್ನೂ ಕೈಬಿಡುತ್ತಾನೆ. ಲೂಕನು (23:26) ಹೊಲದ ವಿವರವನ್ನು ಉಳಿಸಿಕೊಂಡು ಮಕ್ಕಳ ಹೆಸರನ್ನು ಬಿಡುತ್ತಾನೆ. ಜೊತೆಗೆ ಎರಡು ಮಹತ್ವದ ಬದಲಾವಣೆಗಳನ್ನು ಮಾಡುತ್ತಾನೆ. ಒಂದು, ಮಾರ್ಕ ಮತ್ತು ಮತ್ತಾಯರು ಬಳಸಿದ ಬಲಾತ್ಕಾರಸೂಚಕ ಕ್ರಿಯಾಪದದ ಬದಲು ‘ಹಿಡಿದು’ ಎಂಬರ್ಥದ ಸಾಮಾನ್ಯ ಕ್ರಿಯಾಪದವನ್ನು ಬಳಸುತ್ತಾನೆ. ಎರಡು, ಶಿಲುಬೆಯನ್ನು ‘ಯೇಸುವಿನ ಹಿಂದೆ’ ಹೊತ್ತು ಬರುವಂತೆ ಹೊರಿಸಿದರು ಎಂದು ಸೇರಿಸುತ್ತಾನೆ. ತನ್ನ ಶಿಲುಬೆಯನ್ನು ಹೊತ್ತುಕೊಂಡು ತನ್ನ ಹಿಂದೆ ಬರಬೇಕೆಂದು ಯೇಸು ಶಿಷ್ಯರಿಗೆ ಹೇಳುವ ಮಾತು ಇದೇ ಸುವಾರ್ತೆಯಲ್ಲಿ ಎರಡು ಬಾರಿ ಬರುತ್ತದೆ (9:23, 14:27). ಆ ಮಾತನ್ನು ಓದಿದವರಿಗೆ ಲೂಕನ ಸೀಮೋನ ಶಿಷ್ಯನೊಬ್ಬನ ಚಿತ್ರದಂತೆ ಕಾಣುವುದು ಸಹಜ. ಹೀಗೆ ಬಲಾತ್ಕಾರದಿಂದ ಅನುಸರಣೆಯ ಕಡೆಗೆ ಅರ್ಥ ಸರಿಯುವ ಮೊದಲ ಹೆಜ್ಜೆ ಸುವಾರ್ತೆಗಳ ಒಳಗೇ ಕಾಣಿಸಿಕೊಳ್ಳುತ್ತದೆ.

ಯೋಹಾನನ ಸುವಾರ್ತೆಯಲ್ಲಿ ಸೀಮೋನನಿಲ್ಲ. ಅಲ್ಲಿ ಯೇಸು ತಾನೇ ತನ್ನ ಶಿಲುಬೆಯನ್ನು ಹೊತ್ತುಕೊಂಡು ಹೋಗುತ್ತಾನೆ (19:17). ಮೊದಲು ಯೇಸು ಹೊತ್ತ, ಅವನು ಬಳಲಿದ ಮೇಲೆ ಸೀಮೋನ ಹೊತ್ತ ಎಂದು ಎರಡನ್ನೂ ಸಮನ್ವಯಗೊಳಿಸುವುದು ವಾಡಿಕೆ. ಅದು ಅಸಂಭವವೇನಲ್ಲ. ಚಾವಟಿಯ ಹೊಡೆತದ ಪ್ರಸ್ತಾಪ ಮಾರ್ಕನಲ್ಲಿಯೇ ಇದೆ (15:15). ಮರಣದಂಡನೆಗೆ ಗುರಿಯಾದವನು ತನ್ನ ಶಿಲುಬೆಯನ್ನು ತಾನೇ ಹೊರುತ್ತಿದ್ದನೆಂದು ಪ್ಲುಟಾರ್ಕನೂ ಹೇಳುತ್ತಾನೆ. ಆದುದರಿಂದ ಬೇರೊಬ್ಬನಿಂದ ಹೊರಿಸಿದುದಕ್ಕೆ ವಿಶೇಷ ಕಾರಣವಿದ್ದಿರಬೇಕು. ಆದರೆ ಯೇಸು ಕುಸಿದುಬಿದ್ದನೆಂದಾಗಲಿ, ಸೀಮೋನ ಮರುಗಿದನೆಂದಾಗಲಿ ಯಾವ ಸುವಾರ್ತೆಯೂ ಹೇಳುವುದಿಲ್ಲ. ಸಮನ್ವಯವು ಓದುಗನ ಊಹೆಯೇ ಹೊರತು ಪಾಠದ ಹೇಳಿಕೆಯಲ್ಲ.

ಕುರೇನ್ಯವು, ‘ಸಿರೇನ್’ ಎಂಬ ರೂಪದಲ್ಲಿಯೂ ಕನ್ನಡದಲ್ಲಿ ಬಳಕೆಯಲ್ಲಿರುವ ಈ ಊರು, ಆಫ್ರಿಕದ ಉತ್ತರ ತೀರದಲ್ಲಿ, ಇಂದಿನ ಲಿಬಿಯದ ಪೂರ್ವಭಾಗದಲ್ಲಿತ್ತು. ಕ್ರಿ.ಪೂ. 7ನೆಯ ಶತಮಾನದಲ್ಲಿ ಗ್ರೀಕರು ನೆಲೆಗೊಳಿಸಿದ ಆ ನಗರದಲ್ಲಿ ಯೆಹೂದ್ಯರ ದೊಡ್ಡ ಸಮುದಾಯವಿತ್ತು. ಯೆರೂಸಲೇಮಿನಲ್ಲಿ ಕುರೇನ್ಯದವರು ಸೇರುತ್ತಿದ್ದ ಸಭಾಮಂದಿರದ ಉಲ್ಲೇಖ ಅಪೊಸ್ತಲರ ಕೃತ್ಯಗಳಲ್ಲಿದೆ (6:9). ‘ಸೀಮೋನ’ ಯೆಹೂದ್ಯರಲ್ಲಿ ಬಹು ಸಾಮಾನ್ಯವಾದ ಹೆಸರು. ಹಬ್ಬಕ್ಕೆಂದು ಬಂದ ಯಾತ್ರಿಕನೋ, ಯೆರೂಸಲೇಮಿನ ಬಳಿಯೇ ನೆಲೆಸಿದ್ದ ವಲಸೆಗಾರನೋ ಎಂಬುದನ್ನು ಪಾಠದಿಂದ ನಿರ್ಧರಿಸಲಾಗದು. ಅವನ ಮೈಬಣ್ಣದ ಬಗೆಗೂ ಪಾಠ ಮೌನವಾಗಿದೆ.

3. ‘ಅಂಗರೇವೊ’: ಕ್ರಿಯೆಯ ಹಿಂದಿನ ವ್ಯವಸ್ಥೆ

ಮಾರ್ಕ ಮತ್ತು ಮತ್ತಾಯರು ಸೀಮೋನನ ಸಂದರ್ಭದಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದ ‘ಅಂಗರೇವೊ’. ಇದು ‘ಒತ್ತಾಯಿಸು’ ಎಂಬ ಸಾಮಾನ್ಯಾರ್ಥದ ಪದವಲ್ಲ. ಆಡಳಿತದ ಪಾರಿಭಾಷಿಕ ಪದ. ಇದರ ಸಂಬಂಧ ಪರ್ಷಿಯ ಸಾಮ್ರಾಜ್ಯದ ರಾಜದೂತ ವ್ಯವಸ್ಥೆಯೊಂದಿಗಿದೆ. ಕುದುರೆಗಳನ್ನೂ ಸವಾರರನ್ನೂ ದಾರಿಯುದ್ದಕ್ಕೂ ನಿಲ್ಲಿಸಿ ಅರಸನ ಸಂದೇಶವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಆ ಏರ್ಪಾಡನ್ನು ಹೆರೊಡೊಟಸನು ವರ್ಣಿಸಿ, ಪರ್ಷಿಯನ್ನರು ಅದನ್ನು ಕರೆಯುತ್ತಿದ್ದ ಹೆಸರನ್ನೂ ಕೊಡುತ್ತಾನೆ. ಆ ಹೆಸರು ಇದೇ ಪದಕುಟುಂಬಕ್ಕೆ ಸೇರಿದುದು. ಕಾಲಕ್ರಮದಲ್ಲಿ ಪ್ರಭುತ್ವದ ಸಾಗಾಟಕ್ಕಾಗಿ ಜನರನ್ನು, ಪ್ರಾಣಿಗಳನ್ನು, ಗಾಡಿದೋಣಿಗಳನ್ನು ಬಲವಂತವಾಗಿ ವಶಪಡಿಸಿಕೊಳ್ಳುವುದಕ್ಕೆ ಈ ಪದ ಸಂದಿತು. ಪರ್ಷಿಯದ ಅನಂತರ ಗ್ರೀಕ್ ಅರಸರು, ಅವರ ಅನಂತರ ರೋಮನ್ನರು ಈ ಪದ್ಧತಿಯನ್ನು ಮುಂದುವರಿಸಿದರು.

ರೋಮನ್ ಆಡಳಿತದಲ್ಲಿ ಇದರಿಂದ ಜನರಿಗಾಗುತ್ತಿದ್ದ ತೊಂದರೆ ಸರ್ಕಾರಕ್ಕೂ ತಿಳಿಯದ ಸಂಗತಿಯಾಗಿರಲಿಲ್ಲ. ಇಂದಿನ ತುರ್ಕಿಯ ನೈಋತ್ಯಭಾಗದಲ್ಲಿದ್ದ ಸಗಲಸ್ಸೊಸ್ ನಗರಕ್ಕೆ ಸಂಬಂಧಿಸಿದ ಲ್ಯಾಟಿನ್-ಗ್ರೀಕ್ ದ್ವಿಭಾಷಾ ಶಾಸನವೊಂದನ್ನು 1976ರಲ್ಲಿ ಸ್ಟೀಫನ್ ಮಿಚೆಲ್ ಪ್ರಕಟಿಸಿದರು. ಚಕ್ರವರ್ತಿ ತಿಬೇರಿಯಸನ ಆಳ್ವಿಕೆಯ ಆರಂಭದ ವರ್ಷಗಳಿಗೆ ಸೇರಿದ ಈ ಶಾಸನದಲ್ಲಿ ಪ್ರಾಂತಾಧಿಕಾರಿಯು ಸಾಗಾಟದ ಸೌಕರ್ಯವನ್ನು ಯಾರು, ಎಷ್ಟು ಪಡೆಯಬಹುದೆಂದು ನಿಗದಿಪಡಿಸಿದ್ದಾನೆ. ಒಂದು ನಿರ್ದಿಷ್ಟ ದೂರಕ್ಕೆ ಗಾಡಿಗೆ 10, ಹೇಸರಗತ್ತೆಗೆ 4, ಕತ್ತೆಗೆ 2 ‘ಆಸ್’ ನಾಣ್ಯಗಳನ್ನು ಕೊಡಬೇಕೆಂಬ ದರಪಟ್ಟಿಯೂ ಅದರಲ್ಲಿದೆ. ಕ್ರಿ.ಶ. 19ರಲ್ಲಿ ಈಜಿಪ್ಟಿಗೆ ಭೇಟಿಯಿತ್ತ ಜರ್ಮಾನಿಕಸನು ತನ್ನ ಹೆಸರಿನಲ್ಲಿ ದೋಣಿಗಳನ್ನೂ ಪ್ರಾಣಿಗಳನ್ನೂ ಕಸಿದುಕೊಳ್ಳುತ್ತಿರುವುದನ್ನು ಕೇಳಿ, ಅಧಿಕೃತ ಅಪ್ಪಣೆಯಿಲ್ಲದೆ ಹಾಗೆ ಮಾಡಕೂಡದೆಂದು ಆಜ್ಞೆ ಹೊರಡಿಸಿದನು. ಇವೆರಡೂ ಯೇಸುವಿನ ಜೀವಿತಕಾಲದ ದಾಖಲೆಗಳು. ನಿಯಂತ್ರಣದ ಆಜ್ಞೆ ಹೊರಡಬೇಕಾಯಿತೆಂದರೆ ದುರುಪಯೋಗ ವ್ಯಾಪಕವಾಗಿತ್ತೆಂದೇ ಅರ್ಥ.

ಆಜ್ಞೆಯ ಕೆಳತುದಿಯಲ್ಲಿದ್ದವನಿಗೆ ಈ ವ್ಯವಸ್ಥೆ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ತತ್ತ್ವಜ್ಞಾನಿ ಎಪಿಕ್ಟೇಟಸನ ಪ್ರವಚನಗಳಲ್ಲಿ ಸಾಕ್ಷಿ ದೊರೆಯುತ್ತದೆ. ಸೈನಿಕನೊಬ್ಬ ನಿನ್ನ ಕತ್ತೆಯನ್ನು ಈ ರೀತಿ ಹಿಡಿದರೆ ಬಿಟ್ಟುಬಿಡು, ಪ್ರತಿಭಟಿಸಬೇಡ; ಪ್ರತಿಭಟಿಸಿದರೆ ಏಟನ್ನೂ ತಿಂದು ಕತ್ತೆಯನ್ನೂ ಕಳೆದುಕೊಳ್ಳುವೆ ಎಂಬುದು ಅವನ ಬುದ್ಧಿವಾದದ ತಾತ್ಪರ್ಯ. ಸ್ವತಃ ದಾಸ್ಯದಲ್ಲಿ ಹುಟ್ಟಿ ಬೆಳೆದವನ ಮಾತಿದು. ಸೀಮೋನನ ಮುಂದಿದ್ದ ಆಯ್ಕೆ ಎಷ್ಟರಮಟ್ಟಿನದು ಎಂಬುದನ್ನು ಇದರಿಂದ ಊಹಿಸಬಹುದು.

ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಬರುವುದು ಮೂರೇ ಕಡೆ. ಎರಡು ಸೀಮೋನನ ಪ್ರಸಂಗದಲ್ಲಿ. ಮೂರನೆಯದು ಯೇಸುವಿನ ಪರ್ವತಪ್ರಸಂಗದಲ್ಲಿ (ಮತ್ತಾಯ 5:41). ಯಾರಾದರೂ ಹೀಗೆ ಹಿಡಿದು ಒಂದು ಮೈಲಿ ನಡೆಸಿದರೆ ಎರಡು ಮೈಲಿ ನಡೆ ಎಂದು ಅಲ್ಲಿ ಉಪದೇಶವಿದೆ. ಅದು ಸುಮಾರು ಒಂದೂವರೆ ಕಿಲೋಮೀಟರಿನ ರೋಮನ್ ಮೈಲಿ. ಮೊದಲ ಮೈಲಿ ಅಧಿಕಾರಕ್ಕೆ ಸೇರಿದುದು, ಎರಡನೆಯದು ನಡೆಯುವವನಿಗೆ ಸೇರಿದುದು. ಈ ಉಪದೇಶದ ತಿರುಳಿರುವುದು ಈ ಎರಡರ ವ್ಯತ್ಯಾಸದಲ್ಲಿ. ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಓದಿಕೊಂಡು ಬಂದವನು 27ನೆಯ ಅಧ್ಯಾಯದಲ್ಲಿ ಅದೇ ಕ್ರಿಯಾಪದವನ್ನು ಮತ್ತೆ ಎದುರುಗೊಳ್ಳುತ್ತಾನೆ. ಆದರೆ ಅಲ್ಲಿ ಸೀಮೋನ ಎರಡನೆಯ ಮೈಲಿ ನಡೆದನೆಂಬ ಮಾತಿಲ್ಲ. ಪಾಠವು ಅವನನ್ನು ಮೊದಲ ಮೈಲಿಯಲ್ಲಿಯೇ ಬಿಟ್ಟಿದೆ.

4. ‘ಬಿಟ್ಟಿ’: ಪದ ಮತ್ತು ಅರ್ಥಪಲ್ಲಟ

ಈ ಕ್ರಿಯಾಪದವನ್ನು ಕನ್ನಡದಲ್ಲಿ ‘ಒತ್ತಾಯಿಸಿದರು’, ‘ಬಲವಂತ ಮಾಡಿದರು’ ಎಂದು ಹೇಳಬಹುದು. ಆಗ ಇಬ್ಬರು ವ್ಯಕ್ತಿಗಳ ನಡುವಣ ಒತ್ತಡವಷ್ಟೇ ವ್ಯಕ್ತವಾಗುತ್ತದೆ. ನೆಂಟರು ಊಟಕ್ಕೆ ಒತ್ತಾಯಿಸುವುದೂ ಒತ್ತಾಯವೇ. ಆದರೆ ‘ಬಿಟ್ಟಿ ಹಿಡಿದರು’ ಎಂದಾಗ ಒಂದು ಇಡೀ ವ್ಯವಸ್ಥೆ ಕಣ್ಣಮುಂದೆ ನಿಲ್ಲುತ್ತದೆ. ಅಲ್ಲಿ ಹಿಡಿಯುವವನ ಹಿಂದೆ ಪ್ರಭುತ್ವವಿದೆ, ಹಿಡಿಸಿಕೊಂಡವನಿಗೆ ಕೂಲಿಯಿಲ್ಲ, ಒಲ್ಲೆನೆನ್ನುವ ಅವಕಾಶವಿಲ್ಲ. ‘ಅಂಗರೇವೊ’ ಕ್ರಿಯಾಪದದಲ್ಲಿರುವುದು ಈ ಮೂರೂ ಅಂಶಗಳು.

‘ಬಿಟ್ಟಿ’ಯು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ‘ದೃಷ್ಟಿ’ಯು ‘ದಿಟ್ಟಿ’ಯಾಗುವಂತೆ ಇಲ್ಲಿಯೂ ಒತ್ತಕ್ಷರ ದ್ವಿತ್ವವಾಗಿದೆ, ಆದಿಯ ವಕಾರ ಬಕಾರವಾಗಿದೆ. ಹೊಯ್ಸಳ ವಿಷ್ಣುವರ್ಧನನ ‘ಬಿಟ್ಟಿದೇವ’ ಎಂಬ ಹೆಸರಿನಲ್ಲಿರುವ ‘ಬಿಟ್ಟಿ’ ‘ವಿಷ್ಣು’ವಿನಿಂದ ಬಂದುದು; ರೂಪ ಒಂದೇ ಆದರೂ ಪದ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಷ್ಟಿಯು ರಾಜ್ಯದ ಸಂಪನ್ಮೂಲಗಳಲ್ಲೊಂದು. ಕ್ರಿ.ಶ. 150ರ ಸುಮಾರಿನ ಜುನಾಗಢ ಶಾಸನದಲ್ಲಿ ಕ್ಷತ್ರಪ ರುದ್ರದಾಮನು ಸುದರ್ಶನ ಕೆರೆಯನ್ನು ದುರಸ್ತಿ ಮಾಡಿಸುವಾಗ ಕರ, ವಿಷ್ಟಿ, ಪ್ರಣಯಗಳಿಂದ ಜನರನ್ನು ಪೀಡಿಸಲಿಲ್ಲವೆಂದು ಹೇಳಿಕೊಂಡಿದ್ದಾನೆ. ಸುವಾರ್ತೆಗಳು ರಚನೆಯಾದ ಒಂದು ಶತಮಾನದ ಒಳಗೇ ಭಾರತದ ಪಶ್ಚಿಮಭಾಗದ ಅರಸನೊಬ್ಬನಿಗೆ ಬಿಟ್ಟಿ ಹಿಡಿಯದಿರುವುದು ಶಾಸನದಲ್ಲಿ ಕೆತ್ತಿಸತಕ್ಕ ಹಿರಿಮೆಯೆನಿಸಿತ್ತು ಎಂಬುದು ಗಮನಾರ್ಹ. ಕನ್ನಡ ಶಾಸನಗಳಲ್ಲಿಯೂ ದತ್ತಿ ಬಿಟ್ಟ ಭೂಮಿಗೆ ತೆರಿಗೆಗಳ ವಿನಾಯಿತಿಯನ್ನು ಎಣಿಸುವಾಗ ಬಿಟ್ಟಿಯ ಹೆಸರು ಬರುತ್ತದೆ. ಎಂದರೆ ಬಿಟ್ಟಿಯು ಅಧಿಕಾರಿಯ ಆಕಸ್ಮಿಕ ದರ್ಪವಾಗಿರದೆ ಲೆಕ್ಕಕ್ಕೆ ಸಿಗುವ, ಬಿಟ್ಟುಕೊಡಬಹುದಾದ, ಆದ್ದರಿಂದಲೇ ವಸೂಲು ಮಾಡಬಹುದಾದ ಬಾಬಾಗಿತ್ತು. ಫಾರಸಿಯಿಂದ ಬಂದ ‘ಬೇಗಾರಿ’ಯು ಮುಂದೆ ಇದರ ಜೊತೆಗೂಡಿ ‘ಬಿಟ್ಟಿಬೇಗಾರಿ’ ಎಂಬ ಜೋಡುನುಡಿ ಬಳಕೆಗೆ ಬಂದಿತು. ಭಾರತದ ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿರುವುದು ಈ ಬೇಗಾರಿಯನ್ನೇ.

ಇಂದಿನ ಕನ್ನಡದಲ್ಲಿ ‘ಬಿಟ್ಟಿ’ಯ ಅರ್ಥ ಬಹುಮಟ್ಟಿಗೆ ಬದಲಾಗಿದೆ. ‘ಬಿಟ್ಟಿ ಊಟ’, ‘ಬಿಟ್ಟಿ ಪ್ರಚಾರ’, ‘ಬಿಟ್ಟಿ ಸಿಕ್ಕಿದ್ದು’ ಎನ್ನುವಾಗ ಅದು ‘ಪುಕ್ಕಟೆ’ಗೆ ಪರ್ಯಾಯ. ಈ ಪಲ್ಲಟದ ತರ್ಕವನ್ನು ಗಮನಿಸಬೇಕು. ಎರಡೂ ಅರ್ಥಗಳಲ್ಲಿ ಹಣ ಕೈಬದಲಾಗುವುದಿಲ್ಲ. ಹಳೆಯ ಅರ್ಥವು ಕೂಲಿಯಿಲ್ಲದೆ ದುಡಿದವನ ಕಡೆಯಿಂದ ನೋಡಿದುದು. ಹೊಸ ಅರ್ಥವು ಬೆಲೆಯಿಲ್ಲದೆ ಪಡೆದವನ ಕಡೆಯಿಂದ ನೋಡಿದುದು. ದುಡಿದವನು ಪದದಿಂದ ಹೊರಗೆ ಹೋದ. ಪಡೆದವನ ಅನುಕೂಲವಷ್ಟೇ ಉಳಿಯಿತು. ‘ಬಿಟ್ಟಿ ಚಾಕರಿ’ ಎಂಬ ಪ್ರಯೋಗದಲ್ಲಿ ಮಾತ್ರ ಹಳೆಯ ಅರ್ಥದ ನೋವು ಇನ್ನೂ ಉಳಿದಿದೆ.

5. ಪಾಠದ ಮೌನ ಮತ್ತು ಪರಂಪರೆಯ ಪೂರಣ

ಸೀಮೋನನ ಕತೆಯಲ್ಲಿಯೂ ಇಂಥದೇ ಪಲ್ಲಟ ನಡೆದಿದೆ. ಬಲವಂತದಿಂದ ಪಡೆದ ದುಡಿಮೆ ಪರಂಪರೆಯ ಓದಿನಲ್ಲಿ ಮನಸಾರೆ ಕೊಟ್ಟ ಸೇವೆಯಾಯಿತು. ಇದಕ್ಕೆ ಮುಖ್ಯ ವಾಹಕವಾದುದು ಕಥೋಲಿಕ ಪರಂಪರೆಯ ‘ಶಿಲುಬೆಯ ಹಾದಿ’ ಎಂಬ ಧ್ಯಾನವಿಧಿ. ಯೇಸುವಿನ ಕೊನೆಯ ಪಯಣವನ್ನು 14 ಸ್ಥಳಗಳಾಗಿ ವಿಂಗಡಿಸುವ ಈ ವಿಧಿಯಲ್ಲಿ ಐದನೆಯದು ಸೀಮೋನನದು. 14 ಎಂಬ ಸಂಖ್ಯೆಯನ್ನು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರು ನಿಗದಿಗೊಳಿಸಿದರು. ಯೇಸು ಮೂರು ಬಾರಿ ಬೀಳುವುದು, ವೆರೋನಿಕ ಎಂಬಾಕೆ ಅವನ ಮುಖವನ್ನು ಒರೆಸುವುದು ಈ ವಿಧಿಯಲ್ಲಿವೆ, ಸುವಾರ್ತೆಗಳಲ್ಲಿಲ್ಲ. ಮೊದಲ ಬೀಳುವಿಕೆಗೂ ವೆರೋನಿಕಳ ಕರುಣೆಗೂ ನಡುವೆ ಬಂದ ಸೀಮೋನ ತಾನೂ ಕರುಣೆಯ ಸಾಲಿಗೆ ಸೇರಿಕೊಂಡನು. ತಪಸ್ಸುಕಾಲದ ಶುಕ್ರವಾರಗಳಂದು ಕರ್ನಾಟಕದ ಕಥೋಲಿಕ ದೇವಾಲಯಗಳಲ್ಲಿಯೂ ಈ ಧ್ಯಾನ ನಡೆಯುತ್ತದೆ. ಭಕ್ತಿಯ ನೆಲೆಯಲ್ಲಿ ಅದಕ್ಕೆ ಅದರದೇ ಆದ ಸಾರ್ಥಕತೆಯಿದೆ. ಪ್ರಶ್ನೆಯಿರುವುದು ಆ ಚಿತ್ರವನ್ನು ಪಾಠದ ಹೇಳಿಕೆಯೆಂದು ಭಾವಿಸುವುದರಲ್ಲಿ.

ಪಾಠದ ಮೌನವನ್ನು ಇನ್ನೊಂದು ದಿಕ್ಕಿನಲ್ಲಿ ತುಂಬಿದವರೂ ಇದ್ದರು. ಶಿಲುಬೆಗೇರಿದವನು ಯೇಸುವಲ್ಲ, ಸೀಮೋನನೇ ಎಂದು 2ನೆಯ ಶತಮಾನದ ಬಸಿಲಿದೇಸನು ಬೋಧಿಸುತ್ತಿದ್ದನೆಂದು ಐರೇನಿಯಸನು ಸುಮಾರು ಕ್ರಿ.ಶ. 180ರಲ್ಲಿ ಬರೆದ ಖಂಡನಗ್ರಂಥದಲ್ಲಿ ತಿಳಿಸುತ್ತಾನೆ. ಇಂಥ ಓದಿಗೆ ಮಾರ್ಕನ ವಾಕ್ಯರಚನೆಯಲ್ಲಿಯೇ ಎಡೆಯಿದೆ. ‘ಅವನ ಶಿಲುಬೆಯನ್ನು ಹೊರುವಂತೆ’ ಸೀಮೋನನನ್ನು ಹಿಡಿದರು. ಮರುವಾಕ್ಯದಲ್ಲಿ ‘ಅವನನ್ನು’ ಗೊಲ್ಗೊಥಾ ಎಂಬ ಸ್ಥಳಕ್ಕೆ ತಂದರು. ಈ ಎರಡನೆಯ ಸರ್ವನಾಮ ಯಾರನ್ನು ಕುರಿತದ್ದು? ಸಂದರ್ಭದಿಂದ ಅದು ಯೇಸುವೇ ಎಂಬುದು ಸ್ಪಷ್ಟ. ಆದರೆ ಕೇವಲ ವ್ಯಾಕರಣವನ್ನು ಹಿಡಿದು ಹೊರಟರೆ ಅದಕ್ಕೆ ಅತಿ ಸಮೀಪದ ನಾಮಪದ ಸೀಮೋನನದೇ. ಸರ್ವನಾಮವೊಂದರ ಸಡಿಲು ಒಂದು ಸಿದ್ಧಾಂತಕ್ಕೆ ದಾರಿಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದು ಹೊಸ ಅನುಭವವೇನಲ್ಲ.

ಚರಿತ್ರೆಯ ಕಡೆಯಿಂದ ಸೀಮೋನನನ್ನು ತಲುಪುವ ಪ್ರಯತ್ನಗಳೂ ನಡೆದಿವೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ರೂಫನೆಂಬವನಿಗೂ ಅವನ ತಾಯಿಗೂ ವಂದನೆ ತಿಳಿಸುತ್ತಾನೆ. ಆಕೆ ತನಗೂ ತಾಯಿಯಂತಿದ್ದವಳೆನ್ನುತ್ತಾನೆ (16:13). ಮಾರ್ಕನ ಸುವಾರ್ತೆ ರೋಮಿನಲ್ಲಿ ರಚಿತವಾಯಿತೆಂಬ ಪ್ರಾಚೀನ ಪ್ರತೀತಿಯನ್ನು ಒಪ್ಪಿದರೆ ಈ ರೂಫನೇ ಸೀಮೋನನ ಮಗನಾಗಿರಬಹುದು. ರೂಫ ಎಂಬುದು ಸಾಮಾನ್ಯ ಹೆಸರಾದುದರಿಂದ ಇದನ್ನು ಸಾಧ್ಯತೆಯೆಂದಷ್ಟೇ ಹೇಳಬೇಕು. 1941ರಲ್ಲಿ ಎಲಿಯಾಜರ್ ಸುಕೇನಿಕರು ಯೆರೂಸಲೇಮಿನ ಕಿದ್ರೋನ್ ಕಣಿವೆಯ ಗೋರಿಯೊಂದರಲ್ಲಿ ಶೋಧಿಸಿದ ಅಸ್ಥಿಪೆಟ್ಟಿಗೆಯ ಮೇಲೆ ಅಲೆಕ್ಸಾಂದರ, ಸೀಮೋನ ಎಂಬ ಹೆಸರುಗಳಿವೆ. ಅಲೆಕ್ಸಾಂದರನ ಹೆಸರಿನ ಜೊತೆಗೆ ಕುರೇನ್ಯವನ್ನು ಸೂಚಿಸುವುದೆಂದು ಕೆಲವರು ಅರ್ಥೈಸಿರುವ ಹೀಬ್ರೂ ಪದವೊಂದೂ ಇದೆ. 1962ರಲ್ಲಿ ನಹ್ಮಾನ್ ಅವಿಗಾದರು ಇದನ್ನು ಪ್ರಕಟಿಸಿದರು. ಹೆಸರುಗಳ ಹೊಂದಾಣಿಕೆ ಕುತೂಹಲಕರವಾದರೂ ಇವರೇ ಅವರೆಂದು ಸಾಧಿಸಲು ಇಷ್ಟು ಸಾಲದು. ಅಪೊಸ್ತಲರ ಕೃತ್ಯಗಳಲ್ಲಿ ಬರುವ ‘ನೀಗರ’ನೆಂಬ ಉಪನಾಮದ ಸಿಮೆಯೋನನೇ (13:1) ಈ ಸೀಮೋನನೆಂಬ ವಾದಕ್ಕೂ ಪಾಠದ ಬೆಂಬಲವಿಲ್ಲ. ಅದೇ ವಾಕ್ಯದಲ್ಲಿ ‘ಕುರೇನ್ಯದವನು’ ಎಂಬ ವಿಶೇಷಣ ದೊರೆತಿರುವುದು ಲೂಕ್ಯನೆಂಬ ಬೇರೊಬ್ಬನಿಗೆ.

6. ಮಲೆನಾಡಿನ ಓದು

ಇಲ್ಲಿಯವರೆಗಿನ ಚರ್ಚೆಯಿಂದ ಸುವಾರ್ತೆಯ ಸೀಮೋನ ಮೊದಲಿಗೆ ಬಿಟ್ಟಿ ಹಿಡಿಸಿಕೊಂಡ ಆಳು ಎಂಬುದು ಸ್ಪಷ್ಟವಾಗುತ್ತದೆ. ಈ ಅನುಭವ ಕನ್ನಡನಾಡಿಗೆ ದೂರದ್ದಲ್ಲ. ಶಿವಮೊಗ್ಗ ಜಿಲ್ಲೆಯ ಕೋಣಂದೂರು ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಊರು. ಅಲ್ಲಿಂದ ಮುಂದಿನ ರಿಪ್ಪನ್‌ಪೇಟೆ ಹೊಸನಗರ ತಾಲ್ಲೂಕಿನದು, ಅದರಾಚೆಗೆ ಸಾಗರ. ಕೆಳದಿ ಅರಸರ ಮೂರು ರಾಜಧಾನಿಗಳಾದ ಕೆಳದಿ, ಇಕ್ಕೇರಿ, ಬಿದನೂರುಗಳೂ ಅವರ ಕವಲೇದುರ್ಗದ ಕೋಟೆಯೂ ಈ ಮೂರು ತಾಲ್ಲೂಕುಗಳಲ್ಲಿಯೇ ಇವೆ. ಬಿ.ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟ ಸೊರಬದ ಜೊತೆಗೆ ಈ ತಾಲ್ಲೂಕುಗಳ ಶಾಸನಗಳನ್ನೇ ಒಳಗೊಂಡಿದೆ. ಕೋಟೆ ಕಟ್ಟುವ, ಘಟ್ಟದ ದಾರಿಯಲ್ಲಿ ಹೊರೆ ಸಾಗಿಸುವ, ಗದ್ದೆ ತೋಟಗಳನ್ನು ಎಬ್ಬಿಸುವ ದುಡಿಮೆಯಿಲ್ಲದೆ ಮಲೆನಾಡಿನ ಚರಿತ್ರೆಯಿಲ್ಲ. ಆದರೆ ಶಾಸನಗಳಲ್ಲಿ ಹೆಸರು ಉಳಿಯುವುದು ಸಾಮಾನ್ಯವಾಗಿ ದತ್ತಿ ಕೊಟ್ಟವನದು, ಪಡೆದವನದು, ಸಾಕ್ಷಿಗಳದು. ಬಿಟ್ಟಿಯ ಹೆಸರು ಇರುತ್ತದೆ, ಬಿಟ್ಟಿ ಮಾಡಿದವನ ಹೆಸರಿರುವುದಿಲ್ಲ. ಈ ಸಂಪುಟವನ್ನು ದುಡಿಮೆಯ ಪದಗಳಿಗಾಗಿಯೇ ಮತ್ತೊಮ್ಮೆ ಓದಬೇಕಾದ ಅಗತ್ಯವಿದೆ.

ಸ್ವಾತಂತ್ರ್ಯಾನಂತರ ಇದೇ ಸೀಮೆಯಲ್ಲಿ ನೆಲದ ಮೇಲೆ ದುಡಿಯುವವರು ದನಿಯೆತ್ತಿದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ನಡೆದ ರೈತ ಸತ್ಯಾಗ್ರಹ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಶ್ನೆಯಿಂದ ಮೊದಲಾಯಿತು. ಸಮಾಜವಾದಿ ಪಕ್ಷ ಅದನ್ನು ಬೆಂಬಲಿಸಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಅಳತೆಯ ಅನ್ಯಾಯದ ಹಿಂದೆ ಒಡೆಯ-ಒಕ್ಕಲು ಸಂಬಂಧದ ಇಡೀ ರಚನೆಯಿತ್ತು. ಆ ರಚನೆಯಲ್ಲಿ ಒಕ್ಕಲಿನವನ ದುಡಿಮೆ ಎಷ್ಟರಮಟ್ಟಿಗೆ ಅವನದು, ಎಷ್ಟರಮಟ್ಟಿಗೆ ಒಡೆಯನದು ಎಂಬುದೇ ಮೂಲಪ್ರಶ್ನೆಯಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿ, 1976ರ ಜೀತಪದ್ಧತಿ ರದ್ದತಿ ಕಾಯಿದೆಗಳು ಈ ಪ್ರಶ್ನೆಗೆ ಕಾನೂನಿನ ಉತ್ತರಗಳು. ಇಂಥ ಚರಿತ್ರೆಯುಳ್ಳ ನೆಲದಲ್ಲಿ ನಿಂತು ಓದುವವನಿಗೆ, ಹೊಲದಿಂದ ಮರಳುತ್ತಿದ್ದವನನ್ನು ಹಿಡಿದು ಹೊರೆ ಹೊರಿಸಿದರು ಎಂಬ ವಾಕ್ಯ ಕರುಣೆಯ ಕತೆಯಾಗಿ ಮೊದಲು ಕೇಳಿಸದು.

ಈ ಮಲೆನಾಡಿನ ಸಾಹಿತ್ಯದಲ್ಲಿ ಸುವಾರ್ತೆಯೂ ಆಳೂ ಒಂದೇ ಕೃತಿಯಲ್ಲಿ ಬರುವ ಸಂದರ್ಭವೊಂದಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ತೀರ್ಥಹಳ್ಳಿಯ ಕ್ರೈಸ್ತ ಪಾದ್ರಿಯ ಪಾತ್ರವಿದೆ, ಮತಾಂತರದ ಪ್ರಸಂಗವಿದೆ. ಅದೇ ಕಾದಂಬರಿ ಸಿಂಬಾವಿ ಹೆಗ್ಗಡೆಯ ಆಳಾದ ಗುತ್ತಿಗೂ ಅವನ ನಾಯಿ ಹುಲಿಯನಿಗೂ ಒಡೆಯರಷ್ಟೇ ಗೌರವದ ಸ್ಥಾನವನ್ನು ಕೊಡುತ್ತದೆ. ಅಲ್ಲಿ ಯಾರನ್ನೂ ಮುಖ್ಯರು, ಅಮುಖ್ಯರು ಎಂದು ವಿಂಗಡಿಸಲಾಗದೆಂಬುದು ಕೃತಿಯ ಆರಂಭದಲ್ಲಿಯೇ ಲೇಖಕರು ಸಾರಿರುವ ನಿಲುವು. ಊರ್ಮಿಳೆ, ಮಂಥರೆ, ಏಕಲವ್ಯರನ್ನು ಮರಳಿ ನೋಡಿದ ಕವಿಗೆ ಅದು ಸಹಜವಾದ ನಿಲುವೂ ಹೌದು. ‘ಸಣ್ಣ ಪಾತ್ರ’ ಎಂಬ ವಿಮರ್ಶೆಯ ಪರಿಭಾಷೆಯನ್ನೇ ಈ ನಿಲುವು ಪ್ರಶ್ನಿಸುತ್ತದೆ.

ಯೇಸುವಿನ ಕತೆಯನ್ನು ಕನ್ನಡ ಕಾವ್ಯ ತನ್ನದಾಗಿಸಿಕೊಂಡ ಪರಂಪರೆಯೂ ಹಳೆಯದೇ. ಎಫ್. ಕಿಟ್ಟೆಲರು ‘ಕಥಾಮಾಲೆ’ಯಲ್ಲಿ (1862) ಅದನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದರು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ (1937) ಯೇಸುವಿನ ಕೊನೆಯ ದಿನವನ್ನು ಖಂಡಕಾವ್ಯವಾಗಿಸಿದರು. ಮಾರ್ಕನ ಸುವಾರ್ತೆಯಲ್ಲಿ ಸೀಮೋನನ ವಾಕ್ಯದ ಮರುವಾಕ್ಯದಲ್ಲಿಯೇ ಬರುವ ಸ್ಥಳನಾಮ ಆ ಕಾವ್ಯದ ಶೀರ್ಷಿಕೆಯಾಗಿದೆ. ಕವಿಗೆ ಮೌನವನ್ನು ತುಂಬುವ ಹಕ್ಕಿದೆ. ವ್ಯಾಖ್ಯಾನಕಾರನಿಗೆ ಆ ಹಕ್ಕಿಲ್ಲ; ಮೌನ ಎಲ್ಲಿದೆಯೆಂದು ತೋರಿಸುವ ಹೊಣೆಯಿದೆ. ಏಕಲವ್ಯನ ಬೆರಳನ್ನು ಗುರುದಕ್ಷಿಣೆಯೆಂದು ಮಾತ್ರ ಓದುವುದಕ್ಕೂ ಸೀಮೋನನ ಹೊರೆಯನ್ನು ಸೇವೆಯೆಂದು ಮಾತ್ರ ಓದುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ಕೇಳಿದವನ ಅಧಿಕಾರ ಮರೆಯಾಗಿ ಕೊಟ್ಟವನ ಔದಾರ್ಯವಷ್ಟೇ ಉಳಿಯುತ್ತದೆ.

7. ಸಮಾರೋಪ

ಸೀಮೋನ ಬಿಟ್ಟಿ ಹಿಡಿಸಿಕೊಂಡವನು ಎಂದು ಗುರುತಿಸಿದ ಮಾತ್ರಕ್ಕೆ ಅವನ ಘನತೆ ಕುಗ್ಗುವುದಿಲ್ಲ. ಆಮೇಲೆ ಅವನು ಯೇಸುವಿನ ಅನುಯಾಯಿಯಾಗಿರಬಹುದು. ಮಕ್ಕಳ ಹೆಸರುಗಳು ಮಾರ್ಕನ ಮೊದಲ ಓದುಗರಿಗೆ ಪರಿಚಿತವಾಗಿದ್ದಂತೆ ತೋರುವುದರಿಂದ ಆ ಸಾಧ್ಯತೆ ಬಲವಾಗಿಯೇ ಇದೆ. ತಂದೆಯನ್ನು ಮಕ್ಕಳ ಹೆಸರಿನಿಂದ ಗುರುತಿಸಬೇಕಾದರೆ ಆ ಮಕ್ಕಳು ಕೇಳುಗರ ನಡುವೆ ಬಲ್ಲವರಾಗಿರಬೇಕು. ಆದರೆ ಅದು ಹೊರೆ ಇಳಿಸಿದ ಅನಂತರದ ಕತೆ. ಹೊರಿಸಿದ ಗಳಿಗೆಯಲ್ಲಿ ನಡೆದುದು ಬಲಾತ್ಕಾರ. ಅದನ್ನು ಮರೆಸಿದರೆ ಎರಡನೆಯ ಮೈಲಿಯ ಉಪದೇಶವೂ ತನ್ನ ಹರಿತವನ್ನು ಕಳೆದುಕೊಳ್ಳುತ್ತದೆ. ಮೊದಲ ಮೈಲಿ ಬಲವಂತದ್ದೆಂಬುದು ಗೊತ್ತಿದ್ದರೆ ಮಾತ್ರ ಎರಡನೆಯದಕ್ಕೆ ಬೆಲೆ.

ಮಾರ್ಕನ ವಾಕ್ಯದಲ್ಲಿ ಇನ್ನೊಂದು ಸಂಗತಿ ಉಳಿದಿದೆ. ಬಿಟ್ಟಿ ಹಿಡಿದ ಸೈನಿಕರಿಗೆ ಅಲ್ಲಿ ಹೆಸರಿಲ್ಲ. ಹಿಡಿಸಿಕೊಂಡವನಿಗೆ ಹೆಸರಿದೆ, ಊರಿದೆ, ಇಬ್ಬರು ಮಕ್ಕಳ ಹೆಸರಿದೆ, ಅವನು ಯಾವ ಕಡೆಯಿಂದ ಬರುತ್ತಿದ್ದನೆಂಬ ನೆನಪಿದೆ. ಸಗಲಸ್ಸೊಸಿನ ಶಾಸನದಲ್ಲಿ ಪ್ರಾಂತಾಧಿಕಾರಿಯ ಹೆಸರಿದೆ. ಜುನಾಗಢದಲ್ಲಿ ರುದ್ರದಾಮನ ಹೆಸರಿದೆ. ಕತ್ತೆಯನ್ನು ಕಳೆದುಕೊಂಡವನ, ಕೆರೆಯ ಮಣ್ಣು ಹೊತ್ತವನ ಹೆಸರಿಲ್ಲ. ದಾಖಲೆಗಳ ಈ ರೂಢಿಯನ್ನು ಮಾರ್ಕನ ಒಂದು ವಾಕ್ಯ ತಲೆಕೆಳಗು ಮಾಡಿದೆ. ಧರ್ಮಗ್ರಂಥವು ಸೀಮೋನನ ಬಗೆಗೆ ಹೇಳುವುದು ಸ್ವಲ್ಪವೇ. ಆದರೆ ಬಿಟ್ಟಿಯ ದೀರ್ಘ ಚರಿತ್ರೆಯಲ್ಲಿ ಹೊತ್ತವನೊಬ್ಬನ ಬಗೆಗೆ ಇಷ್ಟಾದರೂ ಹೇಳಿದ ಬರಹಗಳು ವಿರಳ. ಆ ವಾಕ್ಯವನ್ನು ಕನ್ನಡದಲ್ಲಿ ಪಾಠ ಹೇಳುವವರೂ ಅನುವಾದಿಸುವವರೂ ‘ಬಿಟ್ಟಿ’ ಎಂಬ ಪದವನ್ನು ಅದರ ಹಳೆಯ ಅರ್ಥದಲ್ಲಿ ಉಳಿಸಿಕೊಂಡರೆ ಸೀಮೋನನಿಗೂ ಕನ್ನಡಕ್ಕೂ ನ್ಯಾಯ ಸಲ್ಲುತ್ತದೆ.